ಷರಾ

ಮೊದಲ ಹತ್ತು ನಿಮಿಷ ಎಲ್ಲರಂತೆ ಚೆಂಡನ್ನೇ ನೋಡಿದೆ.
ಹುಡುಗ ಕಾಣಲಿಲ್ಲ.
ಆಸ್ಟಿನ್ ಟೌನಿನ ಕೆಮ್ಮಣ್ಣು, ಏಳು ಗಂಟೆಯ ಬಿಸಿಲು,
ಗೋಡೆಯ ಮೇಲೆ ಕಾಲು ಇಳಿಬಿಟ್ಟ ಮುದುಕರ ಸಾಲು.
ಒಬ್ಬೊಬ್ಬರೂ ಒಂದು ಕಾಲದ ಸೆಂಟರ್ ಫಾರ್ವರ್ಡು,
ತಮಿಳಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವವರು.

ಆಮೇಲೆ ಚೆಂಡನ್ನು ಬಿಟ್ಟೆ.
ಕಷ್ಟ ಅದು. ಮದುವೆ ಮನೆಯಲ್ಲಿ ಮದುಮಗಳನ್ನು ಬಿಟ್ಟು
ಸಾರು ಬಡಿಸುವವನನ್ನೇ ನೋಡುತ್ತ ಕೂತಂತೆ.

ಇನ್ಬರಾಜ. ಹತ್ತನೇ ಕ್ಲಾಸು, ಬಿ ಸೆಕ್ಷನ್. ರೈಟ್ ಬ್ಯಾಕ್.
ಬೆನ್ನಿಗೆ ಅಂಟಿಸಿದ ಎರಡರ ಬಾಲ ಕಿತ್ತು
ಗಾಳಿಗೆ ಪಟಪಟ.
ಎತ್ತರ: ನೂರ ಅರವತ್ತೈದೂವರೆ, ಬರಿಗಾಲಿಗೆ.
ತೂಕ: ಐವತ್ತೊಂದು.
ಮೂವತ್ತು ಮೀಟರು: ನಾಲ್ಕೂವರೆ ಸೆಕೆಂಡು, ಹೆಚ್ಚುಕಮ್ಮಿ;
ನನ್ನ ವಾಚಿಗಿಂತ ನನ್ನ ಹೆಬ್ಬೆರಳು ನಿಧಾನ.
ಫಾರಂ ಕೇಳುವುದು ಇಷ್ಟೇ.

ಅವನು ಕತ್ತು ತಿರುಗಿಸುತ್ತಾನೆ, ಅದನ್ನು ಕೇಳುವುದಿಲ್ಲ.
ಚೆಂಡು ಆಚೆ ತುದಿಯಲ್ಲಿರುವಾಗಲೂ
ಹೆಗಲ ಹಿಂದೆ ಒಂದು ನೋಟ, ಮತ್ತೊಂದು,
ಒಲೆಯ ಮೇಲೆ ಹಾಲಿಟ್ಟು
ಬಾಗಿಲಲ್ಲಿ ಮಾತಿಗೆ ನಿಂತವರ ಹಾಗೆ.
ಎದುರಾಳಿಯ ಕಾಲನ್ನಲ್ಲ, ಸೊಂಟವನ್ನು ನೋಡುತ್ತಾನೆ.
ಕಾಲು ಸುಳ್ಳು ಹೇಳುತ್ತದೆ, ಸೊಂಟಕ್ಕೆ ಅಷ್ಟು ಬುದ್ಧಿಯಿಲ್ಲ.
ನನಗಿದು ಗೊತ್ತಾದದ್ದು ಮೂವತ್ತಕ್ಕೆ,
ಮಂಡಿ ಹೋದ ಮೇಲೆ.

ಇಪ್ಪತ್ತೊಂದನೇ ನಿಮಿಷ ತಪ್ಪಿದ.
ಆಸೆಪಟ್ಟು ಕಾಲು ಚಾಚಿದ;
ಶಾಂತಿನಗರದ ಆ ಉದ್ದ ಕಾಲಿನವನು
ಒಳಗೆ ಎಳೆದ ಹಾಗೆ ಮಾಡಿ ಹೊರಗಿಂದ ಹೋದ.
ಇವನು ಧೂಳಲ್ಲಿ ಕೂತು ನೋಡುವಾಗ ಬಲೆ ಅಲುಗಿತು.
ಮುದುಕರ ಸಾಲು ಎದ್ದು
ಅವನ ತಾತನವರೆಗೂ ಬೈದು ಬಂತು.
ನಾನು ಪೆನ್ನಿನ ಮುಚ್ಚಳ ತೆಗೆದೆ.
ನನ್ನ ಕೆಲಸ ಶುರುವಾಗುವುದೇ ಇಲ್ಲಿಂದ.

ಕೈಯೆತ್ತಿ ಯಾರನ್ನೂ ತೋರಿಸಲಿಲ್ಲ.
ಗೋಲಿಯ ಹತ್ತಿರ ಹೋಗಿ ಏನೋ ಕೇಳಿದ,
ಅಂಗೈ ಚಡ್ಡಿಗೆ ಒರೆಸಿ ಜಾಗಕ್ಕೆ ಬಂದ.
ಒಂಬತ್ತು ನಿಮಿಷಕ್ಕೆ ಅದೇ ಉದ್ದ ಕಾಲು, ಅದೇ ಬದಿ, ಅದೇ ಆಮಿಷ.
ಈ ಸಲ ಅರ್ಧ ಗಜ ಹಿಂದೆ ನಿಂತ.
ಕಾದ.
ಕಾದ.
ಉದ್ದ ಕಾಲಿಗೇ ಬೇಸರವಾಗಿ
ಚೆಂಡನ್ನು ಬಂದ ದಾರಿಗೆ ತಳ್ಳಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಏನೂ ಆಗಲಿಲ್ಲವಲ್ಲ.

ನಾಳೆ ಪ್ರಿನ್ಸಿಪಾಲರು ಕೇಳುತ್ತಾರೆ, ಎಷ್ಟು ಗೋಲು ಹೊಡೆದಿದ್ದಾನೆ?
ಸೊನ್ನೆ ಸಾರ್.
ಮತ್ತೆ?
ಕ್ರೀಡಾ ಕೋಟಾದಲ್ಲಿ ಒಂದೇ ಸೀಟು,
ಹಾಸ್ಟೆಲಿನಲ್ಲಿ ಒಂದು ಮಂಚ, ದಿನಕ್ಕೆ ಎರಡು ಮೊಟ್ಟೆ.
ಬ್ಯಾಕ್ ಆಡುವವನಿಗೆ ನೂರ ಅರವತ್ತೆಂಟಾದರೂ ಇರಬೇಕು
ಅಂತ ನಿಯಮ ಬರೆದವನು ನಾನೇ,
ನಾಲ್ಕು ಕಾರ್ನರಿಗೆ ನಾಲ್ಕು ಗೋಲು ತಿಂದು ಬಂದ ಒಂದು ಸಂಜೆ.

ಬೆಳೆಯುವ ಸಿರಿ ಮೊಳಕೆಯಲ್ಲಂತೆ.
ಇಪ್ಪತ್ತೆರಡು ವರ್ಷ ಮೊಳಕೆ ನೋಡಿದವನು ಹೇಳುತ್ತೇನೆ, ಗೊತ್ತಾಗುವುದಿಲ್ಲ.
'ಕುಳ್ಳ' ಎಂದು ನಾನು ಷರಾ ಬರೆದ ಒಬ್ಬ
ಈಗ ಮಾಲಿನ ಪಾರ್ಕಿಂಗಿನಲ್ಲಿ ಸೀಟಿ ಊದುತ್ತಾನೆ.
ಆರಡಿ.
ನನ್ನ ಸ್ಕೂಟರಿಗೆ ಚೀಟಿ ಹರಿಯುವುದಿಲ್ಲ, ನಕ್ಕು ಒಳಗೆ ಬಿಡುತ್ತಾನೆ.
ಆ ಮಾಲಿಗೆ ನಾನು ಹೋಗುವುದು ಬಿಟ್ಟಿದ್ದೇನೆ.

ಆಟ ಮುಗಿದ ಮೇಲೆ ಕರೆದೆ.
ಬೂಟು ಯಾವ ಸೈಜೋ?
ಒಂಬತ್ತು ಸಾರ್. ಅಣ್ಣಂದು. ಮುಂದೆ ಬಟ್ಟೆ ತುರುಕಿದೀನಿ.
ನಿಮ್ಮಪ್ಪ ಎಷ್ಟು ಎತ್ತರ?
ಅಂಗೈಯನ್ನು ತನ್ನ ನೆತ್ತಿಯ ಮೇಲೆ ಅಷ್ಟೆತ್ತರ ಹಿಡಿದ,
ಇಳಿಸಿದ, ಮತ್ತೆ ಸ್ವಲ್ಪ ಏರಿಸಿದ.
ಫೋಟೋದಲ್ಲಿ ಕೂತಿದಾರೆ ಸಾರ್, ಅಂದ.

ಸಂತೆಯಲ್ಲಿ ಕರುವಿನ ಬಾಯಿ ಬಿಡಿಸಿ ಹಲ್ಲು ಎಣಿಸಿದವನ ಹಾಗೆ
ಕೈಯನ್ನು ಜೇಬಿಗೆ ಹಾಕಿಕೊಂಡೆ.
ಗೋಲು ಆದಾಗ ಗೋಲಿ ಹತ್ತಿರ ಏನು ಕೇಳಿದೆ?

ಮುಂದಿನ ಸಲ ಯಾವ ಕಡೆ ಬಿಟ್ಟರೆ
ನಿನಗೆ ಹಿಡಿಯೋದು ಸುಲಭ, ಅಂತ.

ಮೈದಾನಕ್ಕೆ ನೀರು ಚಿಮುಕಿಸುವವನು ಬಂದಿದ್ದ.
ಮುದುಕರು ಒಬ್ಬೊಬ್ಬರಾಗಿ ಟೀ ಅಂಗಡಿಗೆ ಇಳಿದಿದ್ದರು.
ಹುಡುಗ ಬೂಟು ಬಿಚ್ಚಿ, ಚಿಂದಿ ಬಟ್ಟೆ ಹಿಂಡಿ
ಅಳತೆಯ ಕಂಬದ ಬುಡದಲ್ಲಿ ಒಣಗಲು ಇಟ್ಟಿದ್ದ.

ಬೂಟು ಹಾಕ್ಕೊಂಡು ಬಾ, ಅಂದೆ.
ಇನ್ನೊಂದು ಸಲ ಅಳೆಯೋಣ.